ಠಕಾರದ ಬಿಲ್ಲೆ

ಗೋಣಿಚೀಲಗಳ ಮೇಲೆ ಮಂಡಿಯ ಹೆಸರನ್ನು ಒತ್ತುವ ಸಲುವಾಗಿ ತಗಡಿನಲ್ಲಿ ಅಕ್ಷರ ಕೊರೆಯುವವನಿಗೆ ಠಕಾರದಷ್ಟು ಉಪದ್ರವ ಕೊಡುವ ಅಕ್ಷರ ಮತ್ತೊಂದಿರಲಾರದು; ಸುತ್ತಿನ ವರ್ತುಲವನ್ನು ಕೊರೆದು ಮುಗಿಸಿದೊಡನೆ ಒಳಗಣ ಬಿಲ್ಲೆಯು, ನಡುವಣ ಚುಕ್ಕೆಯ ರಂಧ್ರಸಮೇತ, ಕಳಚಿ ನೆಲಕ್ಕೆ ಬೀಳುವುದು. ಬೀಳದಿರಲೆಂದು ಒಂದೆರಡು ಕಡೆ ತಗಡನ್ನು ಕೊರೆಯದೆ ಉಳಿಸಿದರೆ ಅಕ್ಷರವೇ ತುಂಡುತುಂಡಾಗಿ ಮೂಡುವುದು. ಸ್ಕ್ರೀನ್ ಮುದ್ರಣದ ಚರಿತ್ರೆಯು ಬಹುಮಟ್ಟಿಗೆ ಈ ತೊಡಕಿನ ಪರಿಹಾರದ ಚರಿತ್ರೆ.

ಜಪಾನಿನ ಇಸೆ ಸೀಮೆಯ ಕುಶಲಿಗಳು ಇದಕ್ಕೆ ಕಂಡುಕೊಂಡ ಉಪಾಯವು ನನಗೆ ಪರಮ ರಮ್ಯವಾಗಿ ತೋರುತ್ತದೆ. ಹಿಪ್ಪುನೇರಳೆಯ ಜಾತಿಗೆ ಸೇರಿದ ಗಿಡದ ನಾರಿನ ಕಾಗದಗಳನ್ನು ಪರ್ಸಿಮನ್ ಕಾಯಿಯ ಒಗರು ರಸದಿಂದ ಪದರಪದರವಾಗಿ ಅಂಟಿಸಿ, ಹೊಗೆಯಲ್ಲಿಟ್ಟು ಗಡುಸುಮಾಡಿ, ಅದರಲ್ಲಿ ಕೂದಲೆಳೆಯಂಥ ಪಟ್ಟೆಗಳನ್ನು ಕೊರೆದು, ಬಳಿಕ ಪದರಗಳನ್ನು ಬಿಡಿಸಿ, ನಡುವೆ ರೇಷ್ಮೆಯ ಎಳೆಗಳನ್ನು ಹಾಸಿ, ಕೊರೆದ ಅಂಚು ಅಂಚಿಗೆ ಸರಿಯಾಗಿ ಕೂಡುವಂತೆ ಮತ್ತೆ ಅಂಟಿಸುತ್ತಿದ್ದರು. ಕತಗಾಮಿ ಎಂದು ಹೆಸರಾದ ಈ ಹಾಳೆಯ ಮೂಲಕ ಬಟ್ಟೆಗೆ ಅಕ್ಕಿಯ ಸರಿಯನ್ನು ಸವರಿದಾಗ, ಎಳೆಯ ಎರಡು ಮಗ್ಗುಲಿಂದಲೂ ಇಳಿದ ಸರಿಯು ಅದರ ಅಡಿಯಲ್ಲಿ ಒಂದುಗೂಡಿ, ಎಳೆಯಿದ್ದ ಗುರುತೇ ಉಳಿಯುತ್ತಿರಲಿಲ್ಲ.

ಬಿಡಿ ಎಳೆಗಳಿಗೆ ಬದಲಾಗಿ ಇಡೀ ರೇಷ್ಮೆವಸ್ತ್ರವನ್ನೇ ಚೌಕಟ್ಟಿಗೆ ಬಿಗಿದು ಆಧಾರವಾಗಿಸುವ ವಿಧಾನಕ್ಕೆ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಪೇಟೆಂಟ್ ಪಡೆದನು. ಬೆಳಕು ಬಿದ್ದೆಡೆ ಗಟ್ಟಿಯಾಗಿ, ಬೀಳದೆಡೆ ನೀರಿಗೆ ತೊಳೆದುಹೋಗುವ ಲೇಪವು ಬಳಕೆಗೆ ಬಂದ ಮೇಲಂತೂ ಕತ್ತಿಯ ಕೆಲಸವೂ ತಪ್ಪಿತು. ಛಾಯಾಚಿತ್ರವನ್ನೇ ಜಾಲರಿಗಿಳಿಸುವುದು ಸಾಧ್ಯವಾಯಿತು. ರೇಷ್ಮೆಯ ಸ್ಥಾನಕ್ಕೆ ಇಂದು ಪಾಲಿಯೆಸ್ಟರ್ ಬಂದಿದೆ. ಜಾಲರಿಯು ಕಾಗದವನ್ನು ಮುಟ್ಟದೆ ತುಸು ಮೇಲೆಯೇ ನಿಂತಿರುವುದು. ಸ್ಕ್ವೀಜಿಯೆಂಬ ರಬ್ಬರಿನ ಅಲಗನ್ನು ಒತ್ತಿ ಎಳೆದಾಗ ಅದರ ಅಂಚಿನ ಕೆಳಗೆ ಮಾತ್ರ ತಗಲಿ, ಮರುಕ್ಷಣವೇ ಮೇಲಕ್ಕೆ ಚಿಮ್ಮುವುದು. ಒತ್ತಡದಲ್ಲಿ ತೆಳುವಾಗಿ ಹರಿದ ಮಸಿಯು ಒತ್ತಡ ನೀಗಿದೊಡನೆ ಮಂದವಾಗುವುದರಿಂದ ಅಂಚು ಹರಡದು. ನಮ್ಮ ಊರುಗಳ ಲಗ್ನಪತ್ರಿಕೆಗಳಲ್ಲಿ ಹೀಗೆ ಅಚ್ಚಾದ ಅಕ್ಷರಗಳನ್ನು ಬೆರಳಿನಿಂದ ಸವರಿದರೆ, ಮಸಿಯ ಪದರವು ಉಬ್ಬಿ ನಿಂತಿರುವುದು ತಿಳಿಯುತ್ತದೆ.

ಅಂಗಡಿಯ ಫಲಕಗಳಿಗೆ ಮೀಸಲಾಗಿದ್ದ ಈ ಕಸುಬನ್ನು 1938ರ ಸುಮಾರಿಗೆ ನ್ಯೂಯಾರ್ಕಿನ ಸರ್ಕಾರಿ ಕಲಾಯೋಜನೆಯಲ್ಲಿ ಕಲಾವಿದರ ಕೈಗಿತ್ತವನು ಆಂಟನಿ ವೆಲೋನಿಸ್. ಕೀರ್ತಿಯ ಸಿಂಹಪಾಲು ಸಂದದ್ದು, ಅದೇಕೋ, ಆಂಡಿ ವಾರ್ಹೋಲನಿಗೆ. 1962ರಲ್ಲಿ ಮೆರಿಲಿನ್ ಮನ್ರೋಳ ಮುಖವನ್ನು ಐವತ್ತು ಬಾರಿ ಮುದ್ರಿಸಿದ ಆತನು, ಯಾವ ಅಚ್ಚುಗಾರನಾದರೂ ನಾಚಿ ಹರಿದೆಸೆಯುವಂಥ ಮಸಿಯ ಮಾಸಲನ್ನೂ ಕಲೆಗಳನ್ನೂ ಚಿತ್ರದ ಅಂಗವಾಗಿಯೇ ಉಳಿಸಿಕೊಂಡನೆಂಬುದನ್ನು ಮಾತ್ರ ಮೆಚ್ಚಬೇಕು.

ಮಸಿಯ ಸ್ಥಾನದಲ್ಲಿ ಬೆಳ್ಳಿಯ ಲೇಪವನ್ನಿಟ್ಟು ಸಿಲಿಕಾನ್ ಬಿಲ್ಲೆಗಳ ಮೇಲೆ ಗೆರೆಯೆಳೆಯುವ ಸೌರಕೋಶದ ಕಾರ್ಖಾನೆಗಳೂ ಇದೇ ಜಾಲರಿಯನ್ನು ಆಶ್ರಯಿಸಿವೆ. ಗೆರೆ ಅಗಲವಾದರೆ ಬಿಸಿಲಿಗೆ ಮರೆಯಾಗುವುದು, ತೀರ ಸಣ್ಣದಾದರೆ ವಿದ್ಯುತ್ತಿಗೆ ತಡೆಯಾಗುವುದು. ಆದುದರಿಂದ ಅದು ಕಿರಿದಾಗಿದ್ದೂ ಎತ್ತರವಾಗಿರಬೇಕು, ದಪ್ಪ ಪದರವನ್ನು ಒಂದೇ ಎಳೆತಕ್ಕೆ ಇಡಬಲ್ಲ ಜಾಲರಿಗೆ ಆ ಕೆಲಸ ಸಲೀಸು.