ಸುಗ್ಗಿ ವರ್ಷಕ್ಕೊಮ್ಮೆ, ಕಂತು ತಿಂಗಳಿಗೊಮ್ಮೆ

ನೀರಮಾನ್ವಿ ಯಲ್ಲಮ್ಮನ ಜಾತ್ರೆಗೆ ಹೋದೋರಿಗೆ ಗೊತ್ತದ, ಬಳೆ, ಬೆಂಡು-ಬತ್ತಾಸು, ಮಕ್ಕಳ ಆಟಿಕೆ ಅಂತ ರೊಕ್ಕ ಖರ್ಚು ಮಾಡೋದೂ ಒಂದು ಸಂಭ್ರಮ. ಅಂಗಡಿ ಕಿತ್ತ ಮೇಲೆ ಆ ಖರೀದಿ ಮುಗೀತದ. ಮೊಬೈಲ್‌ನಾಗಿನ ಜಾತ್ರೆ ಮುಗಿಯೋದೇ ಇಲ್ಲ ನೋಡ್ರಿ.

ಆರ್ಡರ್ ಹಾಕಿ ಪಾರ್ಸೆಲ್ ಬರೋ ತನಕ ಇರೋ ಖುಷಿ, ಬಾಕ್ಸ್ ಬಿಚ್ಚಿದ ಮೇಲೆ ಬಹಳ ದಿನ ನಿಲ್ಲಲ್ಲ. ಹೊಸದಕ್ಕೆ ಮನಸ್ಸು ಬೇಗ ಒಗ್ಗಿಕೊಳ್ಳುತ್ತದೆ. ಬೇಸರ ಆಯ್ತು, ಮತ್ತೊಂದು ಆರ್ಡರ್. ಈ ಅತಿಯಾದ ತುಡಿತವನ್ನು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ ನೂರು ವರ್ಷದ ಹಿಂದೆಯೇ ಗುರುತಿಸಿದ್ದರು. ಆಗ ಮೊಬೈಲ್ ಎಲ್ಲಿತ್ತು?

ನಮ್ಮ ಕಡೆ ಇದಕ್ಕೆ ಇನ್ನೊಂದು ಬಿಗಿ ಅದ. ಮಾನ್ವಿ, ದೇವದುರ್ಗ ಭಾಗದ ರೈತರ ಕೈಗೆ ರೊಕ್ಕ ಬರೋದು ಹತ್ತಿ, ಭತ್ತ ಮಾರಿದಾಗ. ಟಿವಿ, ಬೈಕು, ಮೊಬೈಲಿನ ಕಂತು ಮಾತ್ರ ಪ್ರತಿ ತಿಂಗಳು. ಕಾಲುವೆಗೆ ನೀರು ಬರಲಿ ಬಿಡಲಿ, ಹತ್ತಿ ರೇಟು ಏಳಲಿ ಬೀಳಲಿ, ತಾರೀಖು ತಪ್ಪಲ್ಲ. ಆ ದಿನ ಹತ್ತಿರ ಬಂದಂಗ ನಿದ್ದೆ ಕೆಡ್ತದ. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಎದೆ ಡವಡವ ಅಂತದ. ಆಮೇಲೆ ಮನೆಯವರಿಂದ ಮುಚ್ಚಿಡೋದು ಶುರು. ನನ್ನ ಪ್ರಕಾರ ಸಾಲಕ್ಕಿಂತ ಈ ಮುಚ್ಚಿಡೋದೇ ಮನುಷ್ಯನನ್ನ ಹೆಚ್ಚು ಸುಡ್ತದ.

‘ಬಡ್ಡಿ ಇಲ್ಲದ ಕಂತು’ ಅಂತಾರಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀನಲ್ಲಿ ಅಡಗಿಸೋ ಇಂಥ ಯೋಜನೆಗಳ ವಿರುದ್ಧ ಆರ್‌ಬಿಐ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಕೊಳ್ಳೋ ಮೊದಲು ಒಟ್ಟು ಎಷ್ಟು ಕಟ್ಟಬೇಕು ಅಂತ ಕೇಳ್ರಿ.

ಮನಸ್ಸು ತೀರಾ ಭಾರ ಆದ್ರೆ, ಮನೆಯಾಗ ಹೇಳಕ್ಕಾಗದಿದ್ರೆ, ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡ್ರಿ. ಉಚಿತ, ಹಗಲು-ರಾತ್ರಿ ಇರ್ತದ, ಕನ್ನಡದಾಗೇ ಮಾತಾಡಬಹುದು.