ಬಿಸಿಲಲ್ಲಿ ಮೂಡುವ ತಾತ

ತಾತನ ಫೋಟೋನ,
ಅವರದೇ ಹಳೇ ಬಿಳಿ ಪಂಚೆ ಮೇಲೆ ಅಚ್ಚು ಹಾಕಬಹುದಾ?

ಹಾಕಬಹುದು. ಬಿಸಿಲಿದ್ರೆ ಆಯ್ತು!

ಇದು ಸಯನೋಟೈಪ್.
1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು.

ಫೋಟೋನ ಮೊಬೈಲಲ್ಲೇ ನೆಗೆಟಿವ್ ಮಾಡಿ.
ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆ ಮೇಲೆ ತೆಗೆಸಿ.

ಗ್ಲೌಸ್ ಹಾಕ್ಕೊಂಡು,
ಕಾಟನ್ ಪಂಚೆ ತುಂಡಿಗೆ ಸಯನೋಟೈಪ್ ದ್ರಾವಣ ಸವರಿ.
ಕತ್ತಲಲ್ಲಿ ಒಣಗಿಸಿ.
ಮೇಲೆ ನೆಗೆಟಿವ್, ಅದರ ಮೇಲೊಂದು ಗಾಜು.
ತಾರಸಿಗೆ ನಡೀರಿ!

ವಾಚ್ ಕಟ್ಟಿ ಬಿಸಿಲಲ್ಲಿ ಓಡಾಡಿದ್ರೆ,
ಪಟ್ಟಿ ಕೆಳಗಿನ ಚರ್ಮ ಬೆಳ್ಳಗೇ ಉಳಿಯುತ್ತಲ್ಲ?
ಇಲ್ಲೂ ಹಾಗೇ.
ಬಿಸಿಲು ತಾಗಿದಲ್ಲಿ ನೀಲಿ,
ತಾಗದಲ್ಲಿ ಬಿಳಿ.

ಆಮೇಲೆ ನೀರಲ್ಲಿ ಅದ್ದಿ ತೊಳೀರಿ.
ನೀರೊಳಗೇ ತಾತನ ಮುಖ ಮೂಡುತ್ತೆ.
ನನಗೆ ತುಂಬಾ ಇಷ್ಟವಾದ ಕ್ಷಣ ಇದು.

ದಾರ ಕಟ್ಟಿ, ಕ್ಲಿಪ್ ಹಾಕಿ, ಗೋಡೆಗೆ ತೂಗಿಬಿಡಿ.
ಕಿಟಕಿ ಎದುರು ಮಾತ್ರ ಬೇಡ.

ಬಿಸಿಲಿಗೆ ನೀಲಿ ಮಾಸಿತಾ?
ಕೆಲವು ದಿನ ಕತ್ತಲೆ ಬೀರುವಿನಲ್ಲಿಡಿ.
ಬಣ್ಣ ಬಹುಮಟ್ಟಿಗೆ ವಾಪಸ್ ಬರುತ್ತೆ.