ನಾಯಕರ ಚಟವೂ ಜನರ ಆರೋಗ್ಯವೂ

‘ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ನುಡಿದಂತೆ ನಡೆಯದವರ ಮಾತಿಗೆ ಬೆಲೆ ಕೊಡಲು ನಾವು ಹಿಂಜರಿಯುವುದು ಸಹಜವೇ. ಆದರೆ ದೇಶದ ಆರೋಗ್ಯ ವ್ಯವಸ್ಥೆಯನ್ನು ತಿದ್ದಹೊರಟ ನಾಯಕನೇ ಧೂಮಪಾನದ ಚಟಕ್ಕೆ ಸಿಕ್ಕವನಾಗಿದ್ದರೆ, ಆತನ ವಾದವೂ ಹುಸಿಯೆನಿಸುವುದೇ? ಅಮೆರಿಕದ ಇಬ್ಬರು ಅಧ್ಯಕ್ಷರ ಬಾಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

2009ರ ಜನವರಿಯಲ್ಲಿ ಅಧಿಕಾರಕ್ಕೆ ಬಂದಾಗ ಬರಾಕ್ ಒಬಾಮಾ ಅವರು ಸಿಗರೇಟಿನಿಂದ ಪೂರ್ಣವಾಗಿ ಬಿಡುಗಡೆ ಹೊಂದಿರಲಿಲ್ಲ. ಮರುತಿಂಗಳೇ ಅವರು ಮಕ್ಕಳ ಆರೋಗ್ಯ ವಿಮೆಯನ್ನು ವಿಸ್ತರಿಸುವ ಕಾನೂನಿಗೆ ಸಹಿ ಮಾಡಿದರು. ಅದರ ವೆಚ್ಚಕ್ಕಾಗಿ ಸಿಗರೇಟು ಪೊಟ್ಟಣವೊಂದರ ಮೇಲಿನ ಕೇಂದ್ರ ತೆರಿಗೆಯು 39 ಸೆಂಟುಗಳಿಂದ 1 ಡಾಲರು 1 ಸೆಂಟಿಗೆ ಏರಿತು. ಜೂನ್ ತಿಂಗಳಲ್ಲಿ ತಂಬಾಕನ್ನು ಹತೋಟಿಗೆ ತರುವ ಕಾನೂನಿಗೆ ಸಹಿಯಿತ್ತ ಮರುದಿನ, ತಾವು ಒಮ್ಮೊಮ್ಮೆ ಜಾರುವುದುಂಟೆಂದು ಪತ್ರಕರ್ತರೆದುರು ಒಪ್ಪಿಕೊಂಡರು. 2010ರ ಫೆಬ್ರವರಿಯಲ್ಲಿ ಅವರನ್ನು ಪರೀಕ್ಷಿಸಿದ ವೈದ್ಯರು, ಧೂಮಪಾನವನ್ನು ಬಿಡುವ ಪ್ರಯತ್ನ ಮುಂದುವರಿಯಲಿ ಎಂದು ಸಲಹೆಯಿತ್ತರು. ಮಾರ್ಚ್ 23ರಂದು ಅವರು ಆರೋಗ್ಯ ಸುಧಾರಣೆಯ ಮಹಾಕಾನೂನಿಗೆ ಸಹಿ ಹಾಕಿದರು.

ನಗುವವರು ನಗಬಹುದು. ಆದರೆ ಆ ಕಾನೂನಿನಲ್ಲಿ ಇದ್ದುದೇನು? ಮೊದಲೇ ಕಾಯಿಲೆಯಿದೆಯೆಂಬ ಕಾರಣಕ್ಕೆ ಯಾರಿಗೂ ವಿಮೆಯನ್ನು ನಿರಾಕರಿಸಕೂಡದು ಎಂಬುದು ಅದರ ತಿರುಳು. ತಂಬಾಕು ಬಳಸುವವರಿಂದ ಒಂದೂವರೆ ಪಟ್ಟಿನವರೆಗೆ ವಿಮಾ ಕಂತನ್ನು ಪಡೆಯಲು ಅದು ಅವಕಾಶವಿತ್ತಿತು. ಚಟವನ್ನು ಬಿಡಬಯಸುವವರಿಗೆ ಹೊಸ ವಿಮೆಗಳಲ್ಲಿ ಪ್ರತ್ಯೇಕ ಶುಲ್ಕವಿಲ್ಲದೆ ನೆರವನ್ನೂ ಒದಗಿಸಿತು. ತನ್ನಂಥವರಿಗೆ ಅದು ರಿಯಾಯಿತಿ ತೋರಲಿಲ್ಲ, ಕೈಬಿಡಲೂ ಇಲ್ಲ.

ಇದಕ್ಕೂ ಹಿಂದಿನ ಲಿಂಡನ್ ಜಾನ್ಸನ್ ಅವರ ಕಥೆ ಕರುಣಾಜನಕವಾದುದು. ದಿನಕ್ಕೆ ಸುಮಾರು 60 ಸಿಗರೇಟು ಸೇದುತ್ತಿದ್ದ ಅವರು 1955ರಲ್ಲಿ ಹೃದಯಾಘಾತಕ್ಕೆ ಗುರಿಯಾಗಿ ಚಟವನ್ನು ತೊರೆದರು. ಅಧ್ಯಕ್ಷರಾಗಿ 1965ರ ಜುಲೈ 27ರಂದು ಸಿಗರೇಟು ಪೊಟ್ಟಣಗಳ ಮೇಲೆ ಎಚ್ಚರಿಕೆಯನ್ನು ಮುದ್ರಿಸುವ ಕಾನೂನಿಗೂ, ಅದೇ 30ರಂದು 65 ವರ್ಷ ತುಂಬಿದವರಿಗೆ ವಿಮೆಯೀಯುವ ‘ಮೆಡಿಕೇರ್’ ಕಾನೂನಿಗೂ ಸಹಿ ಮಾಡಿದರು. 1969ರಲ್ಲಿ ಅಧಿಕಾರವಿಳಿದೊಡನೆ ಸಿಗರೇಟು ಮರಳಿ ಕೈಗೆ ಬಂದಿತು. 1973ರ ಜನವರಿ 22ರಂದು, ತಮ್ಮ 64ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದಲೇ ತೀರಿಕೊಂಡರು. ತಾವು ಸಹಿಯಿತ್ತ ಸೌಲಭ್ಯದ ವಯಸ್ಸನ್ನು ಅವರೇ ಮುಟ್ಟಲಿಲ್ಲ. ಆದರೆ ಕೋಟ್ಯಂತರ ವೃದ್ಧರಿಗೆ ಅದು ಇಂದಿಗೂ ಆಸರೆಯಾಗಿದೆ.

ಆದುದರಿಂದ ಎರಡು ಬಗೆಯ ಮಾತುಗಳನ್ನು ನಾವು ಬೇರ್ಪಡಿಸಿ ನೋಡಬೇಕು. ‘ನೀನು ಚಟ ಬಿಡು’ ಎಂಬ ಉಪದೇಶಕ್ಕೆ ಹೇಳುವವನ ನಡತೆಯೇ ಬಲ. ಅಲ್ಲಿ ಗಾದೆ ಸರಿಯಾದುದೇ. ‘ರೋಗಿಗೆ ಚಿಕಿತ್ಸೆ ದೊರೆಯಬೇಕು’ ಎಂಬ ವಾದವನ್ನಾದರೋ ಅದರ ನ್ಯಾಯದಿಂದಲೂ ಫಲದಿಂದಲೂ ಅಳೆಯಬೇಕು. ಬಲ್ಲವರೂ ಬಲಿಷ್ಠರೂ ಆದವರೇ ಚಟದೆದುರು ಸೋಲುವರೆಂದರೆ, ಸಾಮಾನ್ಯರಿಗೆ ನೆರವು ಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗೆಂದು ನಾಯಕರ ನಡತೆ ನಗಣ್ಯವಲ್ಲ. ಎಳೆಯರು ನೋಡಿ ಕಲಿಯುವರು. ಒಬಾಮಾ ಅವರು ಸುಮಾರು ಒಂದು ವರ್ಷದಿಂದ ಸೇದಿಲ್ಲವೆಂದು ಅವರ ಪತ್ನಿ ಮಿಶೆಲ್ 2011ರಲ್ಲಿ ತಿಳಿಸಿದಾಗ ಅದು ಸಂತಸದ ಸುದ್ದಿಯೇ ಆಗಿತ್ತು. ಬೀಡಿ ಸೇದುವ ತಂದೆ ಬೀಡಿ ಬೇಡವೆಂದರೆ ಮಗ ನಕ್ಕಾನು. ಆದರೆ ಅದೇ ತಂದೆ ಊರಿಗೊಂದು ಆಸ್ಪತ್ರೆ ಬೇಕೆಂದು ಅರ್ಜಿ ಬರೆದರೆ, ನಾವು ಆ ಅರ್ಜಿಯನ್ನು ಓದಬೇಕೇ ಹೊರತು ಅವನ ಜೇಬನ್ನು ತಡಕಬಾರದು.